ಹತ್ತೊಂಬತ್ತನೇ ನಂಬರಿನ ಉತ್ತರಪತ್ರಿಕೆ

ಪರೀಕ್ಷೆಗೆ ಇನ್ನೂ ಆರು ವಾರವಿದೆ ಎನ್ನುವಾಗಲೇ ಎಮಿಲ್ ರಾಷ್ಕೆ ಬೇರೆಯವರ ಮನೆಯಲ್ಲಿ ಊಟ ಮಾಡುವುದನ್ನು ಬಿಟ್ಟ. ಬಿಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಯೋವಾದಲ್ಲಿ ಮಿಸಿಸಿಪ್ಪಿ ದಡದ ಆ ಊರಿನ ಪೊಲೀಸರನ್ನು ಇನ್ನು ಮೇಲೆ ಪರೀಕ್ಷೆಯಿಂದಲೇ ತೆಗೆದುಕೊಳ್ಳಬೇಕು, ಪರೀಕ್ಷೆಯಿಂದಲೇ ಬಡ್ತಿ ಕೊಡಬೇಕು ಎಂದು ಕಾನೂನಾಗಿ ಒಂದು ವರ್ಷ ಕಳೆದಿತ್ತು. ಅದನ್ನು ನಡೆಸುವುದಕ್ಕೆ ನಾಗರಿಕ ಸೇವಾ ಮಂಡಳಿ ಎಂದು ಮೂವರು ದೊಡ್ಡಮನುಷ್ಯರನ್ನು ಕೂರಿಸಿದ್ದರು. ಒಬ್ಬ ಔಷಧಿ ಅಂಗಡಿಯವನು, ಒಬ್ಬ ಬ್ಯಾಂಕಿನವನು, ಒಬ್ಬ ಪಾದ್ರಿ. ಮೂವರೂ ತಿಂಗಳಿಗೊಂದು ಸಲ ಸೇರಿ ಕಾಫಿ ಕುಡಿದು ಸಹಿ ಹಾಕಿ ಹೋಗುತ್ತಿದ್ದರು. ನಿಯಮ ಬರೆಯುವುದು, ಪ್ರಶ್ನೆ ತೆಗೆಯುವುದು, ಅಂಕ ಹಾಕುವುದು, ಒಲೆಗೆ ಕಲ್ಲಿದ್ದಲು ಹಾಕುವುದು ಎಲ್ಲವೂ ಕಾರ್ಯದರ್ಶಿ ಎಮಿಲನ ತಲೆಯ ಮೇಲೆ ಬಿದ್ದಿತ್ತು.

ಅವನಿಗೆ ಐವತ್ತಾರು. ಹೆಂಡತಿ ಒಟೀಲಿಯಾ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಈ ಕೆಲಸಕ್ಕೆ ಬರುವ ಮುಂಚೆ ಹದಿನೆಂಟು ವರ್ಷ ಅದೇ ಊರಿನ ಪೊಲೀಸ್ ಠಾಣೆಯಲ್ಲಿ ಗುಮಾಸ್ತನಾಗಿದ್ದ. ಬೀಟು ಮುಗಿಸಿ ಬಂದ ಪೊಲೀಸರು ಬರೆದ ರಿಪೋರ್ಟುಗಳನ್ನು ಓದಿ, ತಿದ್ದಿ, ಕಟ್ಟಿಡುವುದು ಅವನ ಕೆಲಸ. ಆಗ ಮೇಯರು ಬದಲಾದಾಗಲೆಲ್ಲ ಪೊಲೀಸರೂ ಬದಲಾಗುತ್ತಿದ್ದರು. ಚುನಾವಣೆ ಮುಗಿದ ವಾರ ಮೇಜಿನ ಮೇಲೆ ಕೆಲಸ ಕಳೆದುಕೊಂಡವರ ಹಿತ್ತಾಳೆ ಬಿಲ್ಲೆಗಳು ರಾಶಿ ಬೀಳುತ್ತಿದ್ದವು. ಗೆದ್ದ ಪಕ್ಷದ ಹೊಸಬರು ಬಂದು ಅವನ್ನೇ ಎತ್ತಿ ಎದೆಗೆ ಚುಚ್ಚಿಕೊಳ್ಳುತ್ತಿದ್ದರು. ಎರಡನೇ ವಾರ್ಡಿನ ಆಲ್ಡರ್‌ಮನ್ ಲೂ ಫೀನಿ, ಅಂದರೆ ಆ ವಾರ್ಡಿನಿಂದ ಗೆದ್ದ ನಗರಸಭೆ ಸದಸ್ಯ, ತನ್ನ ಸಾರಾಯಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತೇ ಸಾರ್ಜೆಂಟುಗಳನ್ನು ಹುಟ್ಟಿಸುತ್ತಿದ್ದ.

ಹಾಗೆ ಮೂರು ಸಲ ಬಿಲ್ಲೆ ಕಳೆದುಕೊಂಡವನು ಕಾರ್ನೀಲಿಯಸ್ ಹೆಗರ್ಟಿ. ಊರಿಗೆಲ್ಲ ಅವನು ಕಾನ್. ಒಂದು ಸಲ ಫೀನಿಯ ಕಡೆಯವನನ್ನು ಹಿಡಿದು ಲಾಕಪ್ಪಿಗೆ ಹಾಕಿದ್ದಕ್ಕೆ ಹೋಯಿತು, ಎರಡು ಸಲ ಏನೂ ಮಾಡದಿದ್ದುದಕ್ಕೆ ಹೋಯಿತು. ಕೆಲಸವಿಲ್ಲದ ವರ್ಷಗಳಲ್ಲಿ ನದಿಯ ಮಂಜುಗಡ್ಡೆ ಕೊಯ್ಯುವ ಕೂಲಿಗೆ ಹೋಗಿ ಎಡಗಾಲಿನ ಎರಡು ಬೆರಳನ್ನು ಚಳಿಗೆ ಕೊಟ್ಟು ಬಂದ. ಎಮಿಲ್ ಮನೆಮನೆ ತಿರುಗಿ ಹೊಸ ಕಾನೂನಿಗೆ ಸಹಿ ಸಂಗ್ರಹಿಸಿದ್ದು ಊರಿನ ಉದ್ಧಾರಕ್ಕೆ ಎಂದು ಪತ್ರಿಕೆಯವರು ಬರೆದರು. ನಿಜ ಹೇಳಬೇಕೆಂದರೆ, ಕಾನ್ ಹೆಗರ್ಟಿಯ ಬಿಲ್ಲೆಯನ್ನು ಮೂರನೇ ಸಲ ರಶೀತಿ ಬರೆದು ಒಳಗಿಟ್ಟವನು ಅವನೇ. ನಾಲ್ಕನೇ ಸಲ ಇಡುವುದು ಅವನ ಕೈಯಲ್ಲಿ ಆಗುತ್ತಿರಲಿಲ್ಲ.

ಒಟೀಲಿಯಾ ಹೋದ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಎಮಿಲನ ಊಟ ಹೆಗರ್ಟಿಯವರ ಅಡುಗೆಮನೆಯಲ್ಲಿ. ಕಾನ್‌ನ ಹೆಂಡತಿ ಡೀಲಿಯಾ ಬೇಯಿಸಿದ ಮಾಂಸ, ಎಲೆಕೋಸು, ಆಲೂಗಡ್ಡೆ ಬಡಿಸಿ, ಇಬ್ಬರನ್ನೂ ಬೈಯುತ್ತ, ನಡುನಡುವೆ ತಾನೂ ತಿನ್ನುತ್ತಿದ್ದಳು. ವಾರದಲ್ಲಿ ಎಮಿಲ್ ಬಾಯಿಬಿಟ್ಟು ಮಾತಾಡುತ್ತಿದ್ದುದು ಅಲ್ಲಿ ಮಾತ್ರ. ಕಾನ್ ಸಾರ್ಜೆಂಟ್ ಪರೀಕ್ಷೆಗೆ ಹೆಸರು ಕೊಟ್ಟ ದಿನ ಎಮಿಲನೇ ಹೋಗಿ ಹೇಳಿದ.

"ಪರೀಕ್ಷೆ ಮುಗಿದು ಪಟ್ಟಿ ಹೊರಬೀಳೋ ತನಕ ನಾನು ಬರಲ್ಲ ಕಣೋ. ಯಾರಾದ್ರೂ ನೋಡಿದ್ರೆ ನಿಂಗೇ ತೊಂದ್ರೆ."

"ನಮ್ಮನೆ ಎಲೆಕೋಸು ತಿಂದು ಯಾರಾದ್ರೂ ಅಂಕ ಕೊಡ್ತಾರೇನೋ ಗುಮಾಸ್ತ? ತಿಂದೋರು ಕಮ್ಮಿ ಮಾಡ್ಬಹುದು ಅಷ್ಟೆ," ಎಂದ ಕಾನ್. ಡೀಲಿಯಾ ಸೌಟು ತೋರಿಸಿದಳು.

"ನಗ್ಬೇಡ. ಇದು ನಿಂಗೆ ಕೊನೇ ಸಲ," ಎಂದ ಎಮಿಲ್.

ಅದು ಮೂವರಿಗೂ ಗೊತ್ತಿತ್ತು. ಐವತ್ತೆರಡು ದಾಟಿದವನಿಗೆ ಬಡ್ತಿ ಪರೀಕ್ಷೆಯಿಲ್ಲ, ಕಾನ್‌ಗೆ ಐವತ್ತೊಂದು, ಮುಂದಿನ ಪರೀಕ್ಷೆ ಎರಡು ವರ್ಷಕ್ಕೆ. ಸಾರ್ಜೆಂಟಾದರೆ ಚಳಿಗಾಲದಲ್ಲಿ ಒಲೆಯ ಪಕ್ಕ ಮೇಜು. ಇಲ್ಲವೆಂದರೆ ಬೆರಳಿಲ್ಲದ ಕಾಲಿನಲ್ಲಿ ನದಿದಂಡೆಯ ಬೀಟು, ಕಾಲು ಸೋತು ಬೀಳುವ ತನಕ.

ಆ ಆರು ವಾರ ಎಮಿಲ್ ಊರಿನಲ್ಲಿದ್ದೂ ಇಲ್ಲದವನಂತಾದ. ಸಾರಾಯಿ ಅಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಕ್ಷೌರದಂಗಡಿಯಲ್ಲಿ ಕೂತರೆ ಪಕ್ಕದ ಕುರ್ಚಿಯವನು ಅರ್ಧ ಸೋಪು ಮೆತ್ತಿದ ಮುಖದಲ್ಲೇ ತನ್ನ ಅಳಿಯನ ಗುಣಗಾನ ಶುರು ಮಾಡುತ್ತಿದ್ದ. ಅವನಿದ್ದ ಬಾಡಿಗೆ ಮನೆಯ ಒಡತಿ ಮಿಸೆಸ್ ಟ್ರಾಟ್ ಕೂಡ ಇದ್ದಕ್ಕಿದ್ದಂತೆ ಸೇಬಿನ ಕಡುಬಿನ ದೊಡ್ಡ ತುಂಡು ಹಾಕತೊಡಗಿದಳು. ಅವಳ ಅಕ್ಕನ ಮಗ ಪೇದೆ ಪರೀಕ್ಷೆಗೆ ಕಟ್ಟಿದ್ದ. ಎಮಿಲ್ ತುಂಡನ್ನು ವಾಪಸು ಕಳಿಸಿದ. ಮರುದಿನದಿಂದ ಅವನಿಗೆ ಬರುತ್ತಿದ್ದ ಮೊದಲಿನ ಸಣ್ಣ ತುಂಡೂ ನಿಂತುಹೋಯಿತು. ಪ್ರಾಮಾಣಿಕನಿಗೆ ಊರು ಕೊಡುವ ಮರ್ಯಾದೆ ಇದು, ಎಲ್ಲ ಊರಲ್ಲೂ ಇಷ್ಟೇ. ಭಾನುವಾರ ಮಧ್ಯಾಹ್ನ ಅವನು ರೈಲ್ವೆ ಸ್ಟೇಷನ್ನಿನ ಹೋಟೆಲಿನಲ್ಲಿ ಪ್ರಯಾಣಿಕರ ನಡುವೆ ಕೂತು ಉಣ್ಣುತ್ತಿದ್ದ. ಅವರು ಯಾರೂ ಈ ಊರಿನವರಲ್ಲ ಎಂಬುದೇ ಒಂದು ನೆಮ್ಮದಿಯಾಗಿತ್ತು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಹೈಸ್ಕೂಲಿನ ಕಸರತ್ತಿನ ಹಾಲ್‌ನಲ್ಲಿ ಪರೀಕ್ಷೆ. ಒಳಗೆ ಬರುವಾಗ ಪ್ರತಿಯೊಬ್ಬನೂ ಒಂದು ಚೀಟಿ ಎತ್ತಬೇಕು, ಅದರಲ್ಲಿರುವ ನಂಬರಿನ ಪಕ್ಕ ತನ್ನ ಹೆಸರು ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು. ಲಕೋಟೆಗಳೆಲ್ಲ ಬ್ಯಾಂಕಿನ ತಿಜೋರಿಗೆ. ಉತ್ತರಪತ್ರಿಕೆಯ ಮೇಲೆ ನಂಬರ್ ಮಾತ್ರ. ಎಮಿಲ್ ಮುಂದೆ ನಿಂತು ಹದಿನಾಲ್ಕನೇ ನಿಯಮವನ್ನು ಗಟ್ಟಿಯಾಗಿ ಎರಡು ಸಲ ಓದಿದ: ಬರೆದವನು ಇಂಥವನೆಂದು ತಿಳಿಸುವ ಹೆಸರು, ಸಹಿ, ಗುರುತು ಯಾವುದೇ ಪತ್ರಿಕೆಯಲ್ಲಿ ಕಂಡರೂ ಆ ಪತ್ರಿಕೆ ರದ್ದು. ಪಕ್ಕದ ಊರಿನಲ್ಲಿ ಆಲ್ಡರ್‌ಮನ್ನರ ಕಡೆಯವರು ಮೂಲೆಯಲ್ಲಿ ಪುಟ್ಟ ಶಿಲುಬೆ ಬರೆದು ಪಾಸಾಗಿದ್ದ ಸುದ್ದಿ ಕೇಳಿ ಅವನೇ ಸೇರಿಸಿದ ನಿಯಮ ಅದು. ಮೂರನೇ ಸಾಲಿನಲ್ಲಿ ಕಾನ್ ಕೈಕಟ್ಟಿ ಕೂತು, ಚರ್ಚಿನಲ್ಲಿ ಪ್ರವಚನ ಕೇಳುವವನ ಹಾಗೆ ತಲೆಯಾಡಿಸಿದ.

ಪ್ರಶ್ನೆಗಳ ವಿಚಾರದಲ್ಲಿ ಎಮಿಲ್ ಮಂಡಳಿಯ ಜೊತೆ ಜಗಳವಾಡಿದ್ದ. ಬ್ಯಾಂಕಿನವನಿಗೆ ಭಿನ್ನರಾಶಿ ಬೇಕು, ಪಾದ್ರಿಗೆ ರಾಜಧಾನಿಗಳ ಹೆಸರು ಬೇಕು. ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆಯಬಲ್ಲವನೇ ಪೊಲೀಸು ಎಂದು ಎಮಿಲ್ ಪಟ್ಟು ಹಿಡಿದು, ಆರನೇ ಪ್ರಶ್ನೆಗೆ ನಲವತ್ತು ಅಂಕ ಇಡಿಸಿದ: ನಿಮ್ಮ ಬೀಟಿನಲ್ಲಿ ನಡೆದ ಒಂದು ಘಟನೆಯ ಬಗ್ಗೆ ರಿಪೋರ್ಟ್ ಬರೆಯಿರಿ. ಇಡಿಸುವಾಗ ಕಾನ್‌ನ ನೆನಪೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾನ್‌ಗೆ ಭಿನ್ನರಾಶಿ ಬರುತ್ತಿರಲಿಲ್ಲ. ರಿಪೋರ್ಟ್ ಬರೆಯುವುದರಲ್ಲಿ ಅವನನ್ನು ಮೀರಿಸಿದವರನ್ನು ಹದಿನೆಂಟು ವರ್ಷದಲ್ಲಿ ಎಮಿಲ್ ಕಂಡಿರಲಿಲ್ಲ.

ಸೋಮವಾರದಿಂದ ಅವನು ನಗರಸಭೆ ಕಟ್ಟಡದ ಮೂರನೇ ಮಹಡಿಯ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಅಂಕ ಹಾಕಲು ಕೂತ. ಸಾರ್ಜೆಂಟ್ ಕೆಲಸ ಒಂದೇ ಖಾಲಿಯಿತ್ತು, ಬರೆದವರು ಇಪ್ಪತ್ತಮೂರು ಜನ. ಏಳನೇ ನಂಬರಿನವನು ಓದಿಕೊಂಡವನು. ಎಲ್ಲ ಅಚ್ಚುಕಟ್ಟು, ಎಂಬತ್ತೈದು ಬಂತು, ಅಲ್ಲಿಯ ತನಕ ಅದೇ ಹೆಚ್ಚು. ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಕಟ್ಟಿನ ಕೊನೆಯಲ್ಲಿದ್ದ ಹತ್ತೊಂಬತ್ತನೇ ನಂಬರ್ ಕೈಗೆ ಬಂತು.

ಮೊದಲ ಸಾಲಿಗೇ ಗೊತ್ತಾಯಿತು. ಕಾನ್‌ನ ಅಕ್ಷರವನ್ನು ಅವನು ಕತ್ತಲಲ್ಲಿ ಮುಟ್ಟಿ ಹೇಳಬಲ್ಲ. ಗೊತ್ತಾಗಿಲ್ಲ ಎಂದುಕೊಂಡೇ ಓದಿದ. ಲೆಕ್ಕ ಅಷ್ಟಕ್ಕಷ್ಟೆ, ರಾಜಧಾನಿಗಳಲ್ಲಿ ಎರಡು ತಪ್ಪು. ಆಮೇಲೆ ಆರನೇ ಪ್ರಶ್ನೆ.

"ಹೋದ ಫೆಬ್ರವರಿ, ಬೆಳಿಗ್ಗೆ ಏಳು ಹತ್ತಕ್ಕೆ ಅಂಗಿಯ ಗುಂಡಿ ಮಾಡುವ ಕಾರ್ಖಾನೆಯ ಹಿಂದೆ ಒಬ್ಬ ಹೆಂಗಸು ಹೆಪ್ಪುಗಟ್ಟಿದ ನದಿಯ ಮೇಲೆ ಕೂತಿದ್ದಳು. ವಯಸ್ಸು ಸುಮಾರು ಅರವತ್ತು. ದಡದಿಂದ ಮೂವತ್ತು ಹೆಜ್ಜೆ. ಅಲ್ಲಿ ಮಂಜುಗಡ್ಡೆ ತೆಳು. ಎದ್ದು ಬಾ ಎಂದೆ. ನನ್ನ ಭಾಷೆ ಅವಳಿಗೆ ಬರುವುದಿಲ್ಲ, ಅವಳದು ನನಗೆ ಬರುವುದಿಲ್ಲ. ಎಳೆದರೆ ಇಬ್ಬರೂ ಒಳಗೆ ಹೋಗುತ್ತೇವೆ ಎನಿಸಿತು. ಹೋಗಿ ಪಕ್ಕದಲ್ಲಿ ಕೂತೆ. ಕಾಲು ಗಂಟೆ ಕೂತಿದ್ದೆವು. ಆಮೇಲೆ ಅವಳೇ ಎದ್ದು ನನ್ನ ಕೈ ಹಿಡಿದು ದಡಕ್ಕೆ ಬಂದಳು. ಕಾರ್ಖಾನೆಯ ಒಲೆಯ ಹತ್ತಿರ ಬಿಟ್ಟೆ. ಯಾರನ್ನೂ ಬಂಧಿಸಿಲ್ಲ. ಕೋಟು ಒದ್ದೆಯಾಗಿದೆ."

ಎಮಿಲ್ ಕನ್ನಡಕ ತೆಗೆದು ಒರೆಸಿಕೊಂಡ. ಇಂಥದ್ದು ನಡೆದಿತ್ತೆಂದು ಕಾನ್ ಅವನಿಗೆ ಹೇಳೇ ಇರಲಿಲ್ಲ. ಮನಸ್ಸಿನಲ್ಲೇ ಕೂಡಿಸಿದ, ಎಂಬತ್ತೆಂಟು. ಮೊದಲನೆಯ ಸ್ಥಾನ. ಎದ್ದು ಕಿಟಕಿಯ ತನಕ ಹೋಗಿ ಬಂದ. ಇಷ್ಟು ಖುಷಿ ಅವನಿಗೆ ವರ್ಷಗಳಿಂದ ಆಗಿರಲಿಲ್ಲ. ಬಂದು ಹಾಳೆ ಮಗುಚಿದ.

ಹಿಂದಿನ ಪುಟದ ಮೇಲ್ತುದಿಯಲ್ಲಿ ಒಂದೇ ಸಾಲು ಇತ್ತು. "ವಿಧೇಯತೆಯಿಂದ ಸಲ್ಲಿಸಿದ್ದು. ಸಿ. ಹೆಗರ್ಟಿ, ಬಿಲ್ಲೆ ನಂಬರ್ 41."

ಎಮಿಲ್ ಅದನ್ನು ಎರಡು ಸಲ ಓದಿದ. ಕಾನ್ ಮೋಸ ಮಾಡಿಲ್ಲ, ಸನ್ನೆ ಮಾಡಿಲ್ಲ. ರಿಪೋರ್ಟ್ ಬರಿ ಎಂದರು, ಬರೆದ. ಪೊಲೀಸಿನವನು ರಿಪೋರ್ಟ್ ಮುಗಿಸಿದ ಮೇಲೆ ಕೈ ತಾನಾಗಿ ಸಹಿ ಹಾಕುತ್ತದೆ. ಅದಕ್ಕೆ ತಲೆಯ ಅಪ್ಪಣೆ ಬೇಕಿಲ್ಲ. ಉಳಿದ ಇಪ್ಪತ್ತೆರಡು ಜನ ಹಾಕಿರಲಿಲ್ಲ. ಅವರು ಬರೆದದ್ದೆಲ್ಲ ಕಟ್ಟಿದ ಕತೆ, ಓಡಿಹೋದ ಕುದುರೆ, ಸಿಕ್ಕಿಬಿದ್ದ ಕಳ್ಳ. ಇವನೊಬ್ಬ ನಿಜವಾಗಿ ನಡೆದದ್ದನ್ನು ಬರೆದು ಸಿಕ್ಕಿಕೊಂಡ.

ಮೇಜಿನ ಖಾನೆಯಲ್ಲಿ ಶಾಯಿ ಕೆರೆಯುವ ಚಾಕು ಇತ್ತು. ಎಮಿಲ್ ಅದನ್ನು ಹೊರಗೆ ತೆಗೆದು ಇಟ್ಟ. ಒಂದು ಸಾಲು, ಎರಡು ನಿಮಿಷದ ಕೆಲಸ. ಕೋಣೆಯಲ್ಲಿ ಯಾರೂ ಇಲ್ಲ, ಮಂಡಳಿಯವರು ಪತ್ರಿಕೆ ತಿರುಗಿಸಿಯೂ ನೋಡುವವರಲ್ಲ. ಅವನ ಕೈ ಹಾಳೆಯ ತನಕ ಹೋಯಿತು. ಫೀನಿ ತನ್ನವರಿಗಾಗಿ ಇದನ್ನು ಮಾಡುವಾಗ ಚಾಕುವೂ ಬೇಕಿರಲಿಲ್ಲ, ಒಂದು ಕಣ್ಣುಮಿಟುಕು ಸಾಕಿತ್ತು. ವ್ಯತ್ಯಾಸ ಅಷ್ಟೇ ತಾನೆ ಎನಿಸಿತು. ಚಾಕುವನ್ನು ಖಾನೆಗೆ ಹಾಕಿ, ಪತ್ರಿಕೆಯನ್ನು ಒಳಜೇಬಿಗೆ ಸೇರಿಸಿ, ಮಂಡಳಿಯ ಅಧ್ಯಕ್ಷ ಪ್ಯಾಂಗ್‌ಬರ್ನನ ಔಷಧಿ ಅಂಗಡಿಗೆ ಇಳಿದುಹೋದ.

ಪ್ಯಾಂಗ್‌ಬರ್ನ್ ಕೆಮ್ಮಿನ ಔಷಧಿ ಅಳೆಯುತ್ತಿದ್ದ. ಎಲ್ಲ ಕೇಳಿಸಿಕೊಂಡು ಸೀಸೆಗೆ ಬಿರಡೆ ಹಾಕಿದ.

"ನಂಗ್ಯಾಕೆ ಹೇಳಿದ್ರಿ ರಾಷ್ಕೆ? ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಅಧ್ಯಕ್ಷರು ನೀವು. ಏನ್ ಮಾಡ್ಲಿ ಅಂತ ಕೇಳಕ್ಕೆ ಬಂದೆ."

"ನಿಯಮ ಬರ್ದೋರು ನೀವು. ನೀವು ಏನ್ ಬರ್ದು ತಂದ್ರೂ ಸಹಿ ಹಾಕ್ತೀನಿ. ರದ್ದು ಅಂದ್ರೆ ರದ್ದು, ಪಾಸು ಅಂದ್ರೆ ಪಾಸು. ನಾನಂತೂ ಏನೂ ನೋಡಿಲ್ಲಪ್ಪ."

"ಅಂದ್ರೆ ಎಲ್ಲಾ ನನ್ ಮೇಲೇ."

"ನಿಮ್ಗೆ ಹೆಂಡ್ತಿ ಮಕ್ಳು ಯಾರೂ ಇಲ್ಲ. ಈ ಊರಲ್ಲಿ ಯಾರ ಹಂಗೂ ಇಲ್ದೋರು ನೀವೊಬ್ರೇ. ಅದಕ್ಕೇ ತಾನೆ ನಿಮ್ಮನ್ನ ಕಾರ್ಯದರ್ಶಿ ಮಾಡಿದ್ದು?" ಹೊಗಳಿದೆನೆಂದೇ ತಿಳಿದು ಪ್ಯಾಂಗ್‌ಬರ್ನ್ ನಕ್ಕ. ಎಮಿಲ್ ಟೋಪಿ ಹಾಕಿಕೊಂಡು ಹೊರಗೆ ಬಂದ.

ಗುರುವಾರ ಬೆಳಿಗ್ಗೆ ಹತ್ತೊಂಬತ್ತನೇ ಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ "ರದ್ದು, ನಿಯಮ 14" ಎಂದು ಬರೆದ. ಬರೆದಾದ ಮೇಲೆ ಅಳು ಬಂತು, ಅತ್ತ. ಶುಕ್ರವಾರ ಎಲ್ಲರ ಮುಂದೆ ಲಕೋಟೆಗಳನ್ನು ಒಡೆದರು. ಏಳನೇ ನಂಬರಿನವನು ವಾಲ್ಟರ್ ಗ್ರೋಗನ್, ವಯಸ್ಸು ಮೂವತ್ತೊಂದು, ಆಲ್ಡರ್‌ಮನ್ ಫೀನಿಯ ಹೆಂಡತಿಯ ತಮ್ಮ. ಅವನು ಕೆಟ್ಟವನೇನಲ್ಲ, ಕದ್ದು ಬರೆದಿರಲಿಲ್ಲ, ಪುಸ್ತಕ ಇಟ್ಟುಕೊಂಡು ಓದಿ ಬಂದಿದ್ದ. ಪಟ್ಟಿಯನ್ನು ಬೋರ್ಡಿಗೆ ಅಂಟಿಸುತ್ತಿದ್ದಾಗ ಫೀನಿಯೇ ಬಂದು ಎಮಿಲನ ಬೆನ್ನು ತಟ್ಟಿದ.

"ನಿಮ್ ಕಾನೂನು ಭಾರೀ ಚೆನ್ನಾಗಿದೆ ರೀ ಮಿಸ್ಟರ್ ರಾಷ್ಕೆ. ಮೊದ್ಲೆಲ್ಲ ಒಬ್ಬನ್ನ ಸಾರ್ಜೆಂಟ್ ಮಾಡ್ಬೇಕು ಅಂದ್ರೆ ಅರ್ಧ ಊರಿಗೆ ಕುಡಿಸ್ಬೇಕಿತ್ತು. ಈಗ ನೋಡಿ, ಎಷ್ಟು ಸಲೀಸು!"

ಎಮಿಲ್ ಪಟ್ಟಿಯ ಕೊನೆಯ ಮೂಲೆಯನ್ನು ಒತ್ತಿ ಅಂಟಿಸಿದ. ಬೋರ್ಡಿನ ಮುಂದೆ ಗುಂಪು ಸೇರಿತ್ತು. ಕಾನ್ ಅದರಲ್ಲಿ ಇರಲಿಲ್ಲ. ಅವನ ಪತ್ರಿಕೆ ರದ್ದಾದದ್ದನ್ನು ಯಾರೋ ಹೋಗಿ ಹೇಳಿರಬೇಕು.

ಎರಡು ಭಾನುವಾರ ಅವನು ಧೈರ್ಯ ಮಾಡಲಿಲ್ಲ. ಮೂರನೆಯದಕ್ಕೆ ಒಳ್ಳೆಯ ಕೋಟು ಹಾಕಿಕೊಂಡು, ಜರ್ಮನ್ ಬೇಕರಿಯಿಂದ ದಾಲ್ಚಿನ್ನಿ ಕೇಕ್ ಕಟ್ಟಿಸಿಕೊಂಡು ಹೆಗರ್ಟಿಯವರ ಬಾಗಿಲು ತಟ್ಟಿದ. ಪಟ್ಟಿ ಹೊರಬಿದ್ದಾಗಿತ್ತು, ಇನ್ನು ಹೋಗಬಾರದು ಎನ್ನುವ ನಿಯಮವೇನೂ ಇರಲಿಲ್ಲ. ಡೀಲಿಯಾ ಬಾಗಿಲು ಅರ್ಧ ತೆರೆದಳು. ಒಳಗಿಂದ ಬೇಯುವ ಎಲೆಕೋಸಿನ ವಾಸನೆ ಬಂತು.

"ಅವರಿಲ್ಲ. ಹೊಸ ಸಾರ್ಜೆಂಟು ಭಾನ್ವಾರಾನೂ ಬೀಟ್ ಹಾಕಿದಾನೆ. ನದಿ ಕಡೆ."

"ಡೀಲಿಯಾ, ನಾನು..."

"ನಂಗೆ ನಿಯಮ ಎಲ್ಲ ಅರ್ಥ ಆಗಲ್ಲ ಎಮಿಲ್. ನಮ್ಮೋರು ಹೇಳಿದ್ರು, ಎಮಿಲನದೇನೂ ತಪ್ಪಿಲ್ಲ ಅಂತ. ದಿನಾ ಹೇಳ್ತಾರೆ. ಅದನ್ನ ಹೇಳ್ಕೊಂಡೇ ಕಾಲಿಗೆ ಬಟ್ಟೆ ಸುತ್ತುತಾರೆ. ನೋಡೋಳು ನಾನು." ಅವಳ ಕಣ್ಣು ಕೇಕಿನ ಪೊಟ್ಟಣದ ಮೇಲೆ ಬಿತ್ತು. "ಅದು ಅವರಿಗಾ? ಕೊಡಿ."

ಕೇಕ್ ಒಳಗೆ ಹೋಯಿತು, ಎಮಿಲ್ ಹೊರಗೇ ಉಳಿದ.

ನದಿದಂಡೆಯ ರಸ್ತೆಯಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಕಾನ್ ಒಂದೊಂದೇ ಬಾಗಿಲಿನ ಹಿಡಿಯನ್ನು ತಿರುಗಿಸಿ, ಬೀಗ ಬಿದ್ದಿದೆಯೋ ಇಲ್ಲವೋ ನೋಡುತ್ತ ಬರುತ್ತಿದ್ದ. ಎಡಗಾಲು ಎಳೆಯುತ್ತಿತ್ತು. ಎಮಿಲನನ್ನು ಕಂಡು ಅವನ ಮುಖ ಅರಳಿತು. ತಕ್ಷಣ ಏನೋ ನೆನಪಾದವನಂತೆ ಗಂಭೀರವಾಯಿತು.

"ಏನೋ ಗುಮಾಸ್ತ, ಈ ಚಳೀಲಿ?"

"ಯಾಕೆ ಹಾಕ್ದೆ ಕಾನ್? ಎರಡು ಸಲ ಓದಿ ಹೇಳಿದ್ನಲ್ಲೋ. ಎರಡು ಸಲ! ಯಾಕೋ ಸಹಿ ಹಾಕ್ದೆ?"

ಕಾನ್ ಮುಂದಿನ ಬಾಗಿಲಿನ ಹಿಡಿ ತಿರುಗಿಸಿ ನೋಡಿದ. ಬೀಗ ಬಿದ್ದಿತ್ತು.

"ನಾನು ಸೇರಿದ ವರ್ಷ ಒಂದು ಸಲ ರಿಪೋರ್ಟ್ ಬರ್ದಿಟ್ಟು ಮನೆಗೆ ಹೋಗಿದ್ದೆ. ಹಿಂಗೇ ಹಿಮ ಬೀಳ್ತಿತ್ತು. ನೀನು ಆಳು ಕಳ್ಸಿ ವಾಪಸ್ ಕರೆಸ್ದೆ. ಎರಡು ಮೈಲಿ. ಏನೋ ಅನಾಹುತ ಆಗಿದೆ ಅಂತ ಓಡ್ಕೊಂಡು ಬಂದೆ. ನೀನು ಪೆನ್ ಕೊಟ್ಟು, ಸಹಿ ಮಾಡು ಅಂದೆ. ಹೆಸರು ಹಾಕಕ್ಕೆ ಧೈರ್ಯ ಇಲ್ದಿದ್ರೆ ಬರೀಲೇಬೇಡ ಅಂದೆ. ನೆನಪಿಲ್ವಾ?"

ಎಮಿಲನಿಗೆ ನೆನಪಿರಲಿಲ್ಲ. ಆ ಮೇಜಿನಿಂದ ಅವನು ಎಷ್ಟು ಜನಕ್ಕೆ ಎಷ್ಟು ಸಲ ಹಾಗೆ ಹೇಳಿದ್ದನೋ, ಲೆಕ್ಕ ಇಟ್ಟವರಾರು? ಅವರಲ್ಲಿ ಒಬ್ಬ ಅದನ್ನು ಜೀವಮಾನವಿಡೀ ಹೊತ್ತುಕೊಂಡು ತಿರುಗಿದ್ದ.

"ನೆನಪಿಲ್ಲ ಕಾನ್," ಎಂದ.

"ಇರಲಿ ಬಿಡು. ರಿಪೋರ್ಟ್ ಹೆಂಗಿತ್ತು?"

"ಚೆನ್ನಾಗಿತ್ತು. ನಾನು ಓದಿದ್ರಲ್ಲೆಲ್ಲಾ ಅದೇ..." ಎಮಿಲ್ ಕೋಟಿನ ಕಾಲರ್ ಎತ್ತಿಕೊಂಡ. "ಮುಂದಿನ ಭಾನ್ವಾರ ಬರ್ಲಾ?"

ಕಾನ್ ಬಾಯಿ ತೆರೆದವನು ರಸ್ತೆಯ ತುದಿಯತ್ತ ನೋಡಿದ. ಗುಂಡಿ ಕಾರ್ಖಾನೆಯ ಮೂಲೆಯಲ್ಲಿ ಹೊಸ ಸಾರ್ಜೆಂಟ್ ಗ್ರೋಗನ್ ನಿಂತಿದ್ದ. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಸಣ್ಣ ಪುಸ್ತಕ.

"ನಿಯಮ ಇಪ್ಪತ್ತೆರಡು," ಎಂದ ಕಾನ್ ಮೆಲ್ಲಗೆ. "ಬೀಟ್ ಮೇಲಿರೋ ಪೊಲೀಸು ಯಾರ ಜೊತೆಗೂ ನಿಂತು ಹರಟೆ ಹೊಡೀಬಾರ್ದು. ಎರಡು ಸಲ ಬರ್ಕೊಂಡ್ರೆ ಮಂಡಳಿ ಮುಂದೆ ವಿಚಾರಣೆ. ಒಂದು ಸಲ ಆಗ್ಲೇ ಬರ್ಕೊಂಡಿದಾನೆ."

"ಅದನ್ನೂ ನಾನೇ ಬರ್ದಿದ್ದು."

"ಗೊತ್ತು ಕಣೋ. ಹೋಗ್ಲೇಬೇಕು ಈಗ."

ಕಾನ್ ಟೋಪಿಯ ಅಂಚು ಮುಟ್ಟಿ ಮುಂದೆ ನಡೆದ. ಮುಂದಿನ ಬಾಗಿಲು, ಅದರ ಮುಂದಿನ ಬಾಗಿಲು. ಅವನು ಬರಬೇಡ ಎಂದಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಹಿಂದಿನಿಂದ ಒಂದು ಸಲ ಕೂಗಿದರೆ ನಿಲ್ಲುತ್ತಾನೆ, ತಿರುಗಿ ಉತ್ತರ ಕೊಡುತ್ತಾನೆ ಎಂದು ಎಮಿಲನಿಗೆ ಗೊತ್ತಿತ್ತು. ನಿಂತರೆ ಅವನ ಹೆಸರು ಗ್ರೋಗನ್‌ನ ಪುಸ್ತಕಕ್ಕೆ ಎರಡನೇ ಸಲ ಹೋಗುತ್ತದೆ ಎಂದೂ ಗೊತ್ತಿತ್ತು. ಅದಕ್ಕೇ ಕೂಗಲಿಲ್ಲ.